ಪದದ ಅರ್ಥಕ್ಕಾಗಿ ಅಪೀಲು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ವೀಳ್ಯದೆಲೆ ತರಕಾರಿಯೇ? ಅವಲಕ್ಕಿಯನ್ನು ಅಕ್ಕಿ ಅನ್ನಬಹುದೇ? ‘ಅಪ್ಪ, ಆತನ ನಂತರ ಅಮ್ಮ’ ಎಂದು ಕಾನೂನಿನಲ್ಲಿ ಬರೆದಿದ್ದರೆ ಅಪ್ಪ ತೀರಿಕೊಂಡ ಮೇಲೆ ಅಂತಲೇ ಅರ್ಥವೇ? ಈ ಮೂರೂ ಪ್ರಶ್ನೆಗಳು ಸುಪ್ರೀಂ ಕೋರ್ಟಿನ ತನಕ ಹೋಗಿ ಉತ್ತರ ಪಡೆದಿವೆ. ಒಂದೊಂದರ ಹಿಂದೆಯೂ ಯಾರದೋ ವ್ಯಾಪಾರ, ಇಲ್ಲವೇ ಯಾರದೋ ಮಗು ಇತ್ತು. ಕ್ರಯಪತ್ರವನ್ನೋ ವಿಲ್ಲನ್ನೋ ವಿಮೆ ಪಾಲಿಸಿಯನ್ನೋ ಕೈಯಲ್ಲಿ ಹಿಡಿದು ‘ಈ ಮಾತಿಗೆ ಇದೇ ಅರ್ಥ ಅಲ್ವಾ?’ ಎಂದು ಕೇಳುವವರಿಗಾಗಿ ಇದನ್ನು ಬರೆದಿದ್ದೇನೆ.

ಬರೀ ಒಂದು ಪದದ ಅರ್ಥಕ್ಕಾಗಿ ಅಪೀಲು ಹೋಗಬಹುದಾ?

ಹೋಗಬಹುದು. ಎಷ್ಟೋ ಸಲ ಹೈಕೋರ್ಟಿಗೆ ಹೋಗಲು ಉಳಿದಿರುವ ದಾರಿ ಅದೊಂದೇ.

ಸಿವಿಲ್ ದಾವೆಯಲ್ಲಿ ಮೊದಲ ಅಪೀಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನದು. ಅಲ್ಲಿ ಸಾಕ್ಷಿಗಳ ಮಾತನ್ನೂ ಮತ್ತೆ ತೂಗಿ ನೋಡಬಹುದು. ಎರಡನೆಯ ಅಪೀಲು 100ನೇ ಕಲಮಿನದು, ಹೈಕೋರ್ಟಿಗೆ. ಅಲ್ಲಿ ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ ಒಳಗೆ ಬಿಡುತ್ತಾರೆ. ಬೇಲಿ ಹಾಕಿದ್ದು ಯಾರು, ಹಣ ಕೊಟ್ಟದ್ದು ನಿಜವೇ ಎಂಬ ಜಗಳ ಕೆಳಗಿನ ಕೋರ್ಟಿನಲ್ಲೇ ಮುಗಿದ ಹಾಗೆ. ಆದರೆ ಪತ್ರದಲ್ಲಿರುವ ಮಾತಿನಿಂದ ಯಾವ ಹಕ್ಕು ಹುಟ್ಟುತ್ತದೆ ಎಂಬುದು ಕಾನೂನಿನ ಪ್ರಶ್ನೆ. 1962ರಲ್ಲಿ ಸರ್ ಚುನಿಲಾಲ್ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಕಕ್ಷಿದಾರರ ಹಕ್ಕಿಗೆ ನೇರವಾಗಿ ತಟ್ಟುವ, ಎರಡು ರೀತಿ ವಾದ ಮಾಡಲು ಜಾಗ ಇರುವ ಪ್ರಶ್ನೆಯಾದರೆ ಅದು ಮಹತ್ವದ್ದೇ.

ದಿನ ಮಾತ್ರ ಮರೆಯಬೇಡಿ. ಡಿಕ್ರಿಯ (ದಾವೆಯಲ್ಲಿ ಕೋರ್ಟು ಕೊಟ್ಟ ತೀರ್ಮಾನದ) ಮೇಲೆ ಜಿಲ್ಲಾ ಕೋರ್ಟಿಗೆ ಹೋಗಲು 30 ದಿನ, ಹೈಕೋರ್ಟಿಗೆ 90 ದಿನ.

ಕೋರ್ಟಿನವರು ಮೊದಲು ನಿಘಂಟು ತೆಗೆಯುತ್ತಾರಾ?

ಇಲ್ಲ. ಮೊದಲು ಆ ಕಾಯ್ದೆಯ ಒಳಗೇ ಆ ಪದಕ್ಕೆ ಅರ್ಥ ಕೊಟ್ಟಿದ್ದಾರಾ ಅಂತ ನೋಡುತ್ತಾರೆ. ಹೆಚ್ಚಿನ ಕಾಯ್ದೆಗಳ 2ನೇ ಕಲಂ ಇರುವುದೇ ಅದಕ್ಕೆ. ಅಲ್ಲಿಲ್ಲದಿದ್ದರೆ ಸಾಮಾನ್ಯ ಖಂಡಗಳ ಕಾಯ್ದೆ, 1897. ‘ತಿಂಗಳು’ ಅಂದರೆ ಕ್ಯಾಲೆಂಡರ್ ತಿಂಗಳು, 30 ದಿನ ಅಲ್ಲ. ‘ವ್ಯಕ್ತಿ’ ಅಂದರೆ ಕಂಪನಿಯೂ ಸೇರುತ್ತದೆ. ಇಂಥವು ಅಲ್ಲಿ ಸಿಗುತ್ತವೆ. ಅಲ್ಲೂ ಇಲ್ಲ ಅಂದಾಗ ಜನ ಆ ಪದವನ್ನು ದಿನಾ ಹೇಗೆ ಬಳಸುತ್ತಾರೆ ಎಂದು ಕೇಳುತ್ತಾರೆ. ನನಗೆ ತುಂಬ ಇಷ್ಟವಾಗುವ ಜಾಗ ಇದೇ.

ಅಕೋಲಾದ ವೀಳ್ಯದೆಲೆ ವ್ಯಾಪಾರಿಯ ಪ್ರಕರಣ ನೋಡಿ. ಆಗಿನ ಮಧ್ಯ ಪ್ರಾಂತ್ಯ ಮತ್ತು ಬೇರಾರ್ ಮಾರಾಟ ತೆರಿಗೆ ಕಾಯ್ದೆಯಲ್ಲಿ ತರಕಾರಿಗೆ ತೆರಿಗೆ ಇರಲಿಲ್ಲ. ಎಲೆಯೂ ಗಿಡದ ಭಾಗ, ನಿಘಂಟಿನ ಪ್ರಕಾರ ತರಕಾರಿಯೇ ಎಂದು ವ್ಯಾಪಾರಿ ವಾದಿಸಿದ. 1961ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸಸ್ಯಶಾಸ್ತ್ರಿ ಏನೆನ್ನುತ್ತಾನೆ ಅನ್ನುವುದು ಇಲ್ಲಿ ಬೇಡ, ಹಿತ್ತಲಲ್ಲಿ ಬೆಳೆದು ಊಟಕ್ಕೆ ಬಳಸುವುದನ್ನು ಜನ ತರಕಾರಿ ಅನ್ನುತ್ತಾರೆ ಎಂದಿತು. ಇನ್ನೊಂದು ಗಟ್ಟಿ ಕಾರಣವೂ ಇತ್ತು. ಮೊದಲಿನ ಪಟ್ಟಿಯಲ್ಲಿ ತರಕಾರಿ ಒಂದು ಸಾಲಿನಲ್ಲಿ, ವೀಳ್ಯದೆಲೆ ಬೇರೆ ಸಾಲಿನಲ್ಲಿ ಇತ್ತು. ಮುಂದೆ ವೀಳ್ಯದೆಲೆಯ ಸಾಲನ್ನು ಶಾಸನಸಭೆಯೇ ತೆಗೆದುಹಾಕಿತ್ತು. ಎರಡೂ ಒಂದೇ ಆಗಿದ್ದರೆ ಎರಡು ಸಾಲು ಯಾಕೆ ಬೇಕಿತ್ತು?

ನಮ್ಮ ಮನೆಗಳಲ್ಲಿ ‘ತರಕಾರಿ ತಗೊಂಡು ಬಾ’ ಎಂದು ಚೀಲ ಕೊಟ್ಟು ಕಳಿಸಿದಾಗ ಯಾರಾದರೂ ವೀಳ್ಯದೆಲೆಯ ಕಟ್ಟು ತಂದಾರೇ? ಕೋರ್ಟು ಹಿಡಿದದ್ದು ಈ ಚೀಲದ ಅರ್ಥವನ್ನು.

ಹಾಗಾದರೆ ಅವಲಕ್ಕಿ?

ಇದು ಆಂಧ್ರದಿಂದ ಬಂದ ಪ್ರಕರಣ. ತೆಲುಗಿನಲ್ಲಿ ಅಟುಕುಲು, ಮರಮರಾಲು; ನಮಗೆ ಅವಲಕ್ಕಿ, ಮಂಡಕ್ಕಿ. ತೆರಿಗೆ ಪಟ್ಟಿಯ ‘ಅಕ್ಕಿ’ ಎಂಬ ಪದದೊಳಗೆ ಇವು ಬರುತ್ತವೆಯೇ ಎಂಬುದು ಪ್ರಶ್ನೆ. ಬರುತ್ತವೆ ಎಂದು 1978ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ರೂಪ ಬದಲಾಗಿದೆ, ಅಕ್ಕಿಯತನ ಹೋಗಿಲ್ಲ. ಆದರೆ ಅದಕ್ಕೂ ಮುಂಚೆ, 1973ರಲ್ಲಿ, ಹರಿಯಾಣದ ಒಂದು ಪ್ರಕರಣದಲ್ಲಿ ಇದೇ ಕೋರ್ಟು ಭತ್ತ ಬೇರೆ, ಅಕ್ಕಿ ಬೇರೆ ಎಂದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ವಿರೋಧ ಅನಿಸಬಹುದು. ರೈತರ ಮನೆಯಲ್ಲಿ ಕೇಳಿ ನೋಡಿ, ವಿರೋಧ ಕಾಣುವುದಿಲ್ಲ. ಭತ್ತವನ್ನು ಯಾರೂ ಅಕ್ಕಿ ಅನ್ನುವುದಿಲ್ಲ. ಅವಲಕ್ಕಿಯ ಹೆಸರಿನಲ್ಲಂತೂ ಅಕ್ಕಿ ಕೂತೇ ಇದೆ, ಮಂಡಕ್ಕಿಯಲ್ಲೂ ಅಷ್ಟೇ. (ಕನ್ನಡದ ಈ ಸಾಕ್ಷಿಯನ್ನು ಆ ಕೋರ್ಟಿನಲ್ಲಿ ಯಾರೂ ಹೇಳಿದ ಹಾಗಿಲ್ಲ. ಹೇಳಬೇಕಿತ್ತು ಅಂತ ನನಗೆ ಆಸೆ.)

ಜನರೇ ಎರಡು ರೀತಿ ಬಳಸುವ ವಸ್ತುವಾದರೆ?

ಆಗ ವರ್ಷಗಟ್ಟಲೆ ಎಳೆಯುತ್ತದೆ. ಕೊಬ್ಬರಿ ಎಣ್ಣೆಯನ್ನೇ ತೆಗೆದುಕೊಳ್ಳಿ. ಮಂಗಳೂರಿನ ಅಡುಗೆಮನೆಯಲ್ಲಿ ಒಗ್ಗರಣೆಗೆ ಅದೇ, ಬಯಲುಸೀಮೆಯಲ್ಲಿ ತಲೆಗೆ ಹಚ್ಚಲು ಅದೇ. ಚಿಕ್ಕ ಬಾಟಲಿ, ಚಿಕ್ಕ ಪ್ಯಾಕೆಟ್‌ಗಳಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆಯೋ ಕೂದಲಿನ ಎಣ್ಣೆಯೋ? ಸುಂಕದ ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ, ಬೇರೆ ಬೇರೆ ದರ. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ರಂಜನ್ ಗೊಗೊಯ್ ಮತ್ತು ಆರ್. ಭಾನುಮತಿ, ಬೇರೆ ಬೇರೆ ತೀರ್ಪು ಬರೆದರು. ಮೂವರ ಪೀಠ 2024ರ ಡಿಸೆಂಬರ್ 18ರಂದು ಮುಗಿಸಿತು. ಪ್ಯಾಕೆಟ್ ಚಿಕ್ಕದು ಅಂದ ಮಾತ್ರಕ್ಕೆ ಅದು ಕೂದಲಿನ ಎಣ್ಣೆ ಆಗಿಬಿಡುವುದಿಲ್ಲ. ಕೂದಲಿಗೆ ಅಂತಲೇ ಲೇಬಲ್ ಹಾಕಿ ಮಾರಿದ್ದರೆ ಮಾತು ಬೇರೆ. ನನಗೆ ಇದು ಸರಿ ಅನಿಸುತ್ತದೆ. ತಿಂಗಳ ಸಾಮಾನನ್ನು ಒಟ್ಟಿಗೆ ತರಲು ಆಗದವರು ಅಡುಗೆ ಎಣ್ಣೆಯನ್ನೂ ಚಿಕ್ಕ ಪ್ಯಾಕೆಟ್‌ನಲ್ಲೇ ತರುತ್ತಾರೆ.

ಜನಬಳಕೆಯ ಅರ್ಥವೇ ಯಾವಾಗಲೂ ಗೆಲ್ಲುತ್ತದೆ ಅಂತಾಯ್ತು, ಅಲ್ವಾ?

ಖಂಡಿತ ಇಲ್ಲ. ಕಾಯ್ದೆಯೋ ಕರಾರೋ ತಾನೇ ಅರ್ಥ ಕೊಟ್ಟಿದ್ದರೆ ಆ ಅರ್ಥವೇ ನಡೆಯುತ್ತದೆ. ವಿಮೆ ಪಾಲಿಸಿ ಮಾಡಿಸಿದವರು ಇದನ್ನು ಎರಡು ಸಲ ಓದಿ. ಒಂದು ಪಾಲಿಸಿಯಲ್ಲಿ ‘ಕನ್ನ ಹಾಕಿ ಕದಿಯುವುದು’ ಅಂದರೆ ಬಲವಂತದಿಂದ, ಒಡೆದು ಒಳನುಗ್ಗಿ ಮಾಡಿದ ಕಳವು ಎಂದು ಬರೆದಿತ್ತು. ಸಾಮಾನು ಹೋದದ್ದು ನಿಜ, ಆದರೆ ಬಲವಂತದ ಗುರುತು ಇರಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟು ವಿಮೆ ಕಂಪನಿಯ ಪರ ತೀರ್ಪು ಕೊಟ್ಟಿತು. ನಮ್ಮ ನಿಮ್ಮ ಮಾತಿನಲ್ಲಿ ಕಳವು ಕಳವೇ. ಪಾಲಿಸಿಯಲ್ಲಿ ಹಾಗಲ್ಲ. ಸಣ್ಣ ಅಕ್ಷರದ ಆ ವ್ಯಾಖ್ಯೆಯ ಪುಟವನ್ನು ಸಹಿಗೆ ಮುಂಚೆ ಓದಬೇಕು.

ಬೆಂಗಳೂರು ಜಲಮಂಡಳಿಯ ಪ್ರಕರಣ ಅಂತ ಎಲ್ಲರೂ ಹೇಳುತ್ತಾರಲ್ಲ, ಅದೇನು?

ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ‘ಕೈಗಾರಿಕೆ’ ಎಂಬ ಒಂದು ಪದದ ಕಥೆ. ಜಲಮಂಡಳಿ ತನ್ನ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲಿ ಮಾಡಿತ್ತು. ಅವರು ಲೇಬರ್ ಕೋರ್ಟಿಗೆ ಹೋದರು. ಮಂಡಳಿಯ ತಕರಾರು ಇಷ್ಟು: ನಾವು ಊರಿಗೆ ನೀರು ಕೊಡುವ ಸರ್ಕಾರಿ ಕೆಲಸ ಮಾಡುವವರು, ಕೈಗಾರಿಕೆ ಅಲ್ಲ, ಹಾಗಾಗಿ ಲೇಬರ್ ಕೋರ್ಟಿಗೆ ಈ ದೂರು ಕೇಳುವ ಅಧಿಕಾರವೇ ಇಲ್ಲ. ಲೇಬರ್ ಕೋರ್ಟು ಒಪ್ಪಲಿಲ್ಲ, ಕರ್ನಾಟಕ ಹೈಕೋರ್ಟೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಏಳು ಜನರ ಪೀಠ ಕೂತಿತು.

1978ರ ಫೆಬ್ರವರಿ 21ರ ತೀರ್ಪಿನಲ್ಲಿ ಮುಖ್ಯ ಭಾಗ ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಕೈಗಾರಿಕೆ ಅಂದರೆ ಹೊಗೆ ಉಗುಳುವ ಚಿಮಣಿಯೇ ಇರಬೇಕಿಲ್ಲ. ಕೆಲಸ ಕ್ರಮಬದ್ಧವಾಗಿ ನಡೆಯಬೇಕು, ಮಾಲೀಕ ಮತ್ತು ನೌಕರರು ಸೇರಿ ಮಾಡಬೇಕು, ಜನರಿಗೆ ಬೇಕಾದ ವಸ್ತುವೋ ಸೇವೆಯೋ ಅದರಿಂದ ಸಿಗಬೇಕು. ಲಾಭ ಬರುತ್ತದೋ ಇಲ್ಲವೋ ಎಂಬುದು ಮುಖ್ಯ ಅಲ್ಲ. ಈ ಅಳತೆ ಹಿಡಿದರೆ ಆಸ್ಪತ್ರೆ, ವಿಶ್ವವಿದ್ಯಾಲಯಗಳೂ ಒಳಗೆ ಬಂದವು. ಅಲ್ಲಿನ ಆಯಾಗಳು, ಮಾಲಿಗಳು, ಡ್ರೈವರುಗಳಿಗೆ ಕೆಲಸದಿಂದ ತೆಗೆದಾಗ ಕೇಳಲು ಒಂದು ಬಾಗಿಲು ಸಿಕ್ಕಿತು.

ಸಂಸತ್ತು 1982ರಲ್ಲಿ ಹೊಸ ವ್ಯಾಖ್ಯೆಯನ್ನು ಬರೆಯಿತು. ಅದು ಜಾರಿಗೆ ಬರುವ ದಿನವನ್ನು ಮಾತ್ರ ಸರ್ಕಾರ ಗೊತ್ತುಮಾಡಲೇ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಇದೇ ಪದವನ್ನು ಒಂಬತ್ತು ಜನರ ಪೀಠ ನೋಡಲಿ ಎಂದು ಒಪ್ಪಿಸಿತು. ಒಂದು ಪದ ಎಷ್ಟು ಭಾರ ಹೊರಬಲ್ಲದು ನೋಡಿ.

‘ನಂತರ’ ಎಂಬ ಪದದ ಗಲಾಟೆ ಏನು?

1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲನೆಯ ಕಾಯ್ದೆಯ 6ನೇ ಕಲಂ ಹೇಳುವುದು: ಮಗುವಿನ ಸಹಜ ಪಾಲಕ ತಂದೆ, ಆತನ ನಂತರ ತಾಯಿ. ಗೀತಾ ಹರಿಹರನ್ ತಮ್ಮ ಚಿಕ್ಕ ಮಗನ ಹೆಸರಲ್ಲಿ ಬಾಂಡು ಕೊಳ್ಳಲು ತಾವೇ ಪಾಲಕಿ ಎಂದು ಸಹಿ ಹಾಕಿ ಅರ್ಜಿ ಕೊಟ್ಟರು. ರಿಸರ್ವ್ ಬ್ಯಾಂಕು ತಂದೆಯ ಸಹಿ ಬೇಕು ಎಂದಿತು. ತಂದೆ ಬದುಕಿದ್ದಾರೆ, ಹಾಗಾಗಿ ‘ನಂತರ’ ಇನ್ನೂ ಬಂದಿಲ್ಲ ಎಂಬುದು ಬ್ಯಾಂಕಿನ ಓದಿನ ರೀತಿ.

1999ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟು ಆ ಪದವನ್ನು ಬೇರೆ ರೀತಿ ಓದಿತು. ಇಲ್ಲಿ ‘ನಂತರ’ ಅಂದರೆ ‘ತಂದೆ ಇಲ್ಲದಾಗ’. ಇಲ್ಲದಿರುವುದು ಅಂದರೆ ಸತ್ತಿರುವುದೇ ಆಗಬೇಕಿಲ್ಲ. ಬೇರೆಲ್ಲೋ ಇರಬಹುದು, ಮಗುವಿನ ಕಡೆ ಗಮನವೇ ಕೊಡದಿರಬಹುದು, ಇಬ್ಬರೂ ಮಾತಾಡಿಕೊಂಡು ತಾಯಿಗೆ ಬಿಟ್ಟಿರಬಹುದು. ಹಳೆಯ ಅರ್ಥ ಹಿಡಿದರೆ ಸಂವಿಧಾನದ ಸಮಾನತೆಗೆ ಪೆಟ್ಟು ಬೀಳುತ್ತಿತ್ತು. ಒಂದು ಪದಕ್ಕೆ ಎರಡು ಓದು ಸಾಧ್ಯವಿದ್ದು, ಒಂದು ಓದು ಸಂವಿಧಾನದ ಜೊತೆ ನಿಲ್ಲುವುದಾದರೆ ಕೋರ್ಟು ಅದನ್ನೇ ಆರಿಸುತ್ತದೆ. ಫಾರಂ ತುಂಬುವಾಗ ‘ತಂದೆಯ ಸಹಿ ಎಲ್ಲಿ?’ ಎಂದು ಕೇಳಿಸಿಕೊಂಡ ತಾಯಂದಿರಿಗೆ ಈ ತೀರ್ಪಿನ ಬೆಲೆ ಗೊತ್ತು.

ಕೆಳಗಿನ ಕೋರ್ಟು ಪದವನ್ನು ತೀರಾ ಇಕ್ಕಟ್ಟಾಗಿ ಓದಿದರೆ?

ಮೇಲಿನ ಕೋರ್ಟು ತಿದ್ದುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 7ನೇ ಕಲಮಿನಲ್ಲಿ ‘ಮುಟ್ಟುವುದು’, ‘ದೈಹಿಕ ಸಂಪರ್ಕ’ ಎಂಬ ಪದಗಳಿವೆ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಬಟ್ಟೆಯ ಮೇಲಿಂದ ಮುಟ್ಟಿದರೆ ಈ ಕಲಂ ಅನ್ವಯಿಸುವುದಿಲ್ಲ, ಚರ್ಮಕ್ಕೆ ಚರ್ಮ ತಾಗಬೇಕು ಎಂದು ಓದಿತು. ಆ ಸುದ್ದಿ ಓದಿದ ದಿನ ನನಗೆ ಹೊಟ್ಟೆ ಕಲಸಿದ ಹಾಗಾಗಿತ್ತು. ಅದೇ ವರ್ಷ ನವೆಂಬರ್ 18ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಕಾಯ್ದೆ ಬಂದದ್ದೇ ಮಕ್ಕಳನ್ನು ಕಾಪಾಡಲು. ಆ ಉದ್ದೇಶವನ್ನೇ ಕೊಲ್ಲುವ ಹಾಗೆ ಪದವನ್ನು ಓದುವಂತಿಲ್ಲ, ಲೈಂಗಿಕ ಉದ್ದೇಶವಿತ್ತೇ ಎಂಬುದು ಮುಖ್ಯ, ಬಟ್ಟೆ ಇತ್ತೇ ಎಂಬುದಲ್ಲ.

ಕಾಯ್ದೆ ಯಾವ ಕೆಡುಕನ್ನು ತಡೆಯಲು ಬಂತು ಎಂದು ಕೇಳಿ ಪದ ಓದುವ ಈ ರೀತಿ ಹಳೆಯದು. 1584ರ ಇಂಗ್ಲೆಂಡಿನ ಹೇಡನ್ ಪ್ರಕರಣದಿಂದ ಬಂದದ್ದು. ನಮ್ಮ ಸುಪ್ರೀಂ ಕೋರ್ಟು 1955ರಲ್ಲಿ ಬೆಂಗಾಲ್ ಇಮ್ಯುನಿಟಿ ಪ್ರಕರಣದಲ್ಲಿ ಇದನ್ನು ಹಿಡಿದುಕೊಂಡಿತು.

ಕಾನೂನಿನಲ್ಲಿ ಇಲ್ಲದ ಪದವನ್ನು ಕೋರ್ಟು ಸೇರಿಸಬಹುದಾ?

ಸಾಮಾನ್ಯವಾಗಿ ಇಲ್ಲ. ಬರೆಯುವುದು ಶಾಸನಸಭೆಯ ಕೆಲಸ. ಆದರೆ ಇರುವ ಪದ ಸಂವಿಧಾನಕ್ಕೆ ವಿರುದ್ಧವಾದರೆ ಹೊಡೆದು ಹಾಕಬಹುದು. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ‘ವಯಸ್ಕ ಪುರುಷ’ನ ಮೇಲೆ ಮಾತ್ರ ದೂರು ಕೊಡಬಹುದು ಎಂದಿತ್ತು. 2016ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ‘ವಯಸ್ಕ ಪುರುಷ’ ಎಂಬ ಎರಡು ಪದಗಳನ್ನು ತೆಗೆಯಿತು. ಹಿಂಸೆ ಮಾಡಿದ ಹೆಂಗಸಿನ ಮೇಲೂ ದೂರು ಕೊಡುವ ದಾರಿ ಹಾಗೆ ತೆರೆಯಿತು.

ಎರಡೂ ಅರ್ಥ ಸಮ ಅನಿಸಿದರೆ ಯಾರಿಗೆ ಲಾಭ?

ಕ್ರಿಮಿನಲ್ ಕಾನೂನಾದರೆ ಆರೋಪಿಗೆ. ತೆರಿಗೆ ಹಾಕುವ ಕಲಮಾದರೆ ತೆರಿಗೆ ಕಟ್ಟುವವರಿಗೆ. ತೆರಿಗೆ ವಿನಾಯಿತಿಯ ಅಧಿಸೂಚನೆಯಾದರೆ ಉಲ್ಟಾ, ಸರ್ಕಾರಕ್ಕೆ. ಇದನ್ನು 2018ರಲ್ಲಿ ಐವರ ಪೀಠ ದಿಲೀಪ್ ಕುಮಾರ್ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ಅಚ್ಚು ಹಾಕಿಸಿ ಕೊಟ್ಟ ಕರಾರಾದರೆ ಬರೆದವರ ವಿರುದ್ಧ ಓದುತ್ತಾರೆ. ಆದರೆ ನಿಜವಾಗಿಯೂ ಗೊಂದಲ ಇದ್ದರೆ ಮಾತ್ರ.

ನಮ್ಮ ಜಮೀನಿನ ಪತ್ರದಲ್ಲಿ ಸರ್ವೆ ನಂಬರ್ ತಪ್ಪಾಗಿದೆ. ಎಲ್ಲ ಮುಗಿಯಿತಾ?

ಇಲ್ಲ, ಗಾಬರಿ ಬೇಡ. ಚಕ್ಕುಬಂದಿ ಓದಿ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ದಾರಿ ಎಂದು ಸರಿಯಾಗಿ ಬರೆದಿದ್ದರೆ, ನಂಬರಿಗೂ ಅದಕ್ಕೂ ಜಗಳ ಬಂದಾಗ ಚಕ್ಕುಬಂದಿಗೆ ಬೆಲೆ ಜಾಸ್ತಿ. 1961ರ ಒಂದು ಪ್ರಕರಣದಲ್ಲಿ 1060 ಎಂದು ಇರಬೇಕಾದ ಪ್ಲಾಟ್ ನಂಬರು 160 ಆಗಿತ್ತು. ಒಂದು ಸೊನ್ನೆ ಎಗರಿಹೋಗಿತ್ತು, ಅಷ್ಟೇ. ಗಡಿ, ಅಳತೆ ಎಲ್ಲ 1060ಕ್ಕೆ ಹೊಂದುತ್ತಿದ್ದವು. ಇದು ಬರವಣಿಗೆಯ ತಪ್ಪು, ಜಮೀನು ಯಾವುದೆಂದು ಗೊತ್ತಾಗುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿತು. ಚಕ್ಕುಬಂದಿಯೇ ಮಸುಕಾಗಿದ್ದರೆ, ಸುಮ್ನೆ ‘ನಾಲ್ಕೂ ಕಡೆ ನನ್ನ ಉಳಿದ ಜಮೀನು’ ಎಂದು ಬರೆದಿದ್ದರೆ, ಎಕರೆ ಗುಂಟೆಯ ಲೆಕ್ಕಕ್ಕೆ ಬರಬೇಕಾಗುತ್ತದೆ.

ಪತ್ರದ ತಲೆಬರಹ ನೋಡಿ ತೀರ್ಮಾನ ಮಾಡುತ್ತಾರಾ?

ಮಾಡುವುದಿಲ್ಲ. ದೆಹಲಿಯ ಒಂದು ದೊಡ್ಡ ಹೋಟೆಲಿನ ಕೋಣೆಗಳಲ್ಲಿ ಒಬ್ಬರು ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಿದ್ದರು. ಪತ್ರಕ್ಕೆ ‘ಲೈಸೆನ್ಸ್’ (ಜಾಗ ಬಳಸಲು ಬರೀ ಅನುಮತಿ) ಎಂದು ಹೆಸರಿತ್ತು. 1959ರಲ್ಲಿ ಸುಪ್ರೀಂ ಕೋರ್ಟು ಒಳಗಿನ ಷರತ್ತುಗಳನ್ನು ಓದಿ, ಜಾಗ ಪೂರ್ತಿ ಅವರ ಸ್ವಾಧೀನದಲ್ಲಿದೆ, ಇದು ಬಾಡಿಗೆಯೇ ಎಂದಿತು. ಬೆಂಗಳೂರಿನಲ್ಲಿ ಲೀಸ್, ಭೋಗ್ಯ ಎಂದು ಪತ್ರ ಮಾಡಿಕೊಳ್ಳುವವರು ಇದನ್ನು ನೆನಪಿಡಿ.

ವಿಲ್ಲಿನಲ್ಲಿ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಬರೆದಿದ್ದರೆ?

ಮೊದಲು ಇಡೀ ವಿಲ್ ಓದಿ ಎರಡನ್ನೂ ಹೊಂದಿಸಲು ನೋಡುತ್ತಾರೆ. ಹೊಂದದಿದ್ದರೆ ಕೊನೆಯ ಮಾತು ನಿಲ್ಲುತ್ತದೆ. 1925ರ ಉತ್ತರಾಧಿಕಾರ ಕಾಯ್ದೆಯ 88ನೇ ಕಲಮಿನ ಉದಾಹರಣೆಯಲ್ಲಿ ಒಬ್ಬ ತನ್ನ ರಾಮನಗರದ ಆಸ್ತಿಯನ್ನು ಮೊದಲು ‘ಅ’ಗೆ ಕೊಡುತ್ತಾನೆ, ಕೊನೆಯಲ್ಲಿ ‘ಬ’ಗೆ, ‘ಅ’ಗೆ ಅಲ್ಲ ಅನ್ನುತ್ತಾನೆ. ಆಸ್ತಿ ‘ಬ’ಗೆ. ಕ್ರಯಪತ್ರ, ದಾನಪತ್ರಗಳಲ್ಲಿ ಇದು ಉಲ್ಟಾ: ಮೊದಲು ಕೊಟ್ಟದ್ದನ್ನು ಆಮೇಲಿನ ಸಾಲು ಕಿತ್ತುಕೊಳ್ಳಲಾರದು. ಪತ್ರ ಮಾಡಿದ ಗಳಿಗೆಯಲ್ಲೇ ಆಸ್ತಿ ಕೈಬಿಟ್ಟಿರುತ್ತದೆ. ವಿಲ್ ಹಾಗಲ್ಲ, ಮನುಷ್ಯನ ಕೊನೆಯ ಇಚ್ಛೆ.

ಹಳೆಯ ಪತ್ರದಲ್ಲಿ ‘ಪುತ್ರ ಪೌತ್ರ ಪಾರಂಪರ್ಯವಾಗಿ’ ಎಂದಿದೆ. ಹೆಣ್ಣುಮಕ್ಕಳಿಗೆ ಇಲ್ಲ ಅಂತಲೇ?

ಅದೊಂದೇ ಮಾತಿನಿಂದ ಹಾಗಾಗುವುದಿಲ್ಲ. ಬಂಗಾಳದ ಪ್ರಕರಣವೊಂದರಲ್ಲಿ ‘ಪುತ್ರ ಪೌತ್ರಾದಿ ಕ್ರಮೇ’ ಎಂಬ ಇಂಥದೇ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1881ರಲ್ಲೇ ಓದಿತ್ತು. ಆಗ ನಮ್ಮ ಅಪೀಲುಗಳ ಕೊನೆಯ ಮೆಟ್ಟಿಲು ಅದೇ. ಆ ಮಾತು ವಂಶದಲ್ಲಿ ಮುಂದೆ ಸಾಗುವ ಪೂರ್ಣ ಹಕ್ಕನ್ನು ಹೇಳುತ್ತದೆ, ಕಾನೂನಿನ ಪ್ರಕಾರ ವಾರಸುದಾರರಾಗುವ ಹೆಣ್ಣನ್ನು ಹೊರಗೆ ಹಾಕುವುದಿಲ್ಲ ಎಂದಿತು. ‘ಪತ್ರದಲ್ಲಿ ಪುತ್ರ ಎಂದಿದೆ’ ಎಂದು ಅಕ್ಕತಂಗಿಯರ ಬಾಯಿ ಮುಚ್ಚಿಸುವ ಅಣ್ಣಂದಿರಿಗೆ ಈ ತೀರ್ಪನ್ನು ತೋರಿಸಿ.

ನಮ್ಮ ಮನಸ್ಸಿನಲ್ಲಿ ಇದ್ದದ್ದು ಬೇರೆ ಎಂದು ಸಾಕ್ಷಿ ಹೇಳಿಸಬಹುದಾ?

ಪತ್ರದ ಮಾತು ತಿಳಿಯಾಗಿದ್ದರೆ ಆಗದು. ಮೇಲ್ನೋಟಕ್ಕೇ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದ್ದರೂ ಆಗದು. 1872ರ ಸಾಕ್ಷ್ಯ ಕಾಯ್ದೆಯ ಉದಾಹರಣೆ: ಕುದುರೆಯನ್ನು 1,000 ರೂಪಾಯಿಗೋ 1,500ಕ್ಕೋ ಮಾರುತ್ತೇನೆ ಎಂದು ಬರೆದಿದ್ದರೆ ಯಾವ ಬೆಲೆ ಎಂದು ಸಾಕ್ಷಿ ಹೇಳಿಸುವಂತಿಲ್ಲ. ಆದರೆ ‘ಕಲ್ಕತ್ತಾದ ನನ್ನ ಮನೆ’ ಎಂದು ಬರೆದು, ಮನೆ ಇರುವುದು ಹೌರಾದಲ್ಲಿ ಆದರೆ, ಕೊಂಡವನು ಪತ್ರವಾದ ದಿನದಿಂದ ಆ ಮನೆಯಲ್ಲೇ ಇದ್ದಾನೆ ಎಂದು ತೋರಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೇ ನಿಯಮ ಮುಂದುವರಿದಿದೆ.

‘ಮಾತೃಭಾಷೆ’ಗೆ ಸುಪ್ರೀಂ ಕೋರ್ಟು ಏನರ್ಥ ಕೊಟ್ಟಿತು?

1994ರ ಏಪ್ರಿಲ್ 29ರ ಆದೇಶದಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿ ಕಲಿಸಬೇಕು ಎಂದಿತ್ತು. 2014ರ ಮೇ 6ರಂದು ಐವರ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ 350ಎ ವಿಧಿಯಲ್ಲಿ ಮಾತೃಭಾಷೆ ಅಂದರೆ ಆ ರಾಜ್ಯದ ಭಾಷಾ ಅಲ್ಪಸಂಖ್ಯಾತರ ಭಾಷೆ, ಮಗುವಿನ ಮಾತೃಭಾಷೆ ಯಾವುದು ಎಂದು ಹೇಳಬೇಕಾದವರು ತಂದೆತಾಯಿ ಅಥವಾ ಪಾಲಕರು, ಸರ್ಕಾರ ಒತ್ತಾಯ ಮಾಡುವಂತಿಲ್ಲ ಎಂದಿತು. ಕನ್ನಡ ಶಾಲೆಯ ಮೇಲೆ ಪ್ರೀತಿ ಇರುವ ನನಗೆ ಅದು ಬೇಸರದ ದಿನ. ತಾಯಿ ಜೋಗುಳ ಹಾಡಿದ ಭಾಷೆ ಎಂದು ನಾವು ತಿಳಿದ ಪದ ಆಯ್ಕೆಯ ವಿಷಯವಾಗಿಬಿಟ್ಟಿತು. ಆದರೆ ಮನೆಯೊಳಗೆ ತುಳುವೋ ಕೊಂಕಣಿಯೋ ಉರ್ದುವೋ ಆಡುವವರ ಕಡೆಯಿಂದ ನೋಡಿದರೆ, ಅವರ ಭಾಷೆ ಯಾವುದೆಂದು ಸರ್ಕಾರ ಹೇಳುವುದೂ ಸರಿಯಲ್ಲ.

ಕನ್ನಡ ಪತ್ರವನ್ನು ಮೇಲಿನ ಕೋರ್ಟು ಯಾವ ಭಾಷೆಯಲ್ಲಿ ಓದುತ್ತದೆ?

ಕಾಯ್ದೆಯ ಮಾತಾದರೆ, ಕನ್ನಡದಲ್ಲಿ ಪಾಸಾದ ಕಾಯ್ದೆಗೂ ರಾಜ್ಯಪಾಲರ ಅಧಿಕಾರದಲ್ಲಿ ಗೆಜೆಟ್ಟಿನಲ್ಲಿ ಬರುವ ಇಂಗ್ಲಿಷ್ ತರ್ಜುಮೆಯನ್ನು ಸಂವಿಧಾನದ 348(3)ನೇ ವಿಧಿ ಅಧಿಕೃತ ಪಠ್ಯ ಎಂದು ಪರಿಗಣಿಸುತ್ತದೆ. ನಿಮ್ಮ ಮನೆಯ ಪತ್ರವಾದರೆ ಸಾಕ್ಷ್ಯವಾಗುವುದು ಕನ್ನಡದ ಮೂಲವೇ. ದೆಹಲಿಯಲ್ಲಿ ಮಾತ್ರ ನ್ಯಾಯಮೂರ್ತಿಗಳ ಕೈಗೆ ಹೋಗುವುದು ಅದರ ಇಂಗ್ಲಿಷ್ ತರ್ಜುಮೆ. ಅಲ್ಲೇ ಎಡವುವುದು. ನಮ್ಮ ಪತ್ರಗಳಲ್ಲಿ ‘ಸ್ವಾಧೀನಾನುಭವ’ ಎಂದಿರುತ್ತದೆ. ಇಲ್ಲಿ ‘ಅನುಭವ’ ಅಂದರೆ ಆಸ್ತಿಯನ್ನು ಕೈಯಲ್ಲಿಟ್ಟುಕೊಂಡು ಅದರ ಫಲ ಉಣ್ಣುವುದು. ಪದಕ್ಕೆ ಪದ ಇಡುವ ತರ್ಜುಮೆದಾರ ಅದನ್ನು ‘ಎಕ್ಸ್‌ಪೀರಿಯನ್ಸ್’ ಎಂದು ಬರೆದರೆ ಸ್ವಾಧೀನದ ಮಾತೇ ಮಾಯವಾಗುತ್ತದೆ. ಹಾಗಾಗಿ ಅಪೀಲು ಹಾಕುವ ಮುಂಚೆ ತರ್ಜುಮೆಯನ್ನು ವಕೀಲರ ಜೊತೆ ಕೂತು, ಮೂಲ ಪತ್ರ ಪಕ್ಕದಲ್ಲಿಟ್ಟುಕೊಂಡು, ಸಾಲು ಸಾಲಾಗಿ ಓದಿ. ತಪ್ಪಿದ್ದರೆ ಆಗಲೇ ತಿದ್ದಿಸಿ.